ಮೂತ್ರಪಿಂಡದ ಕ್ಯಾನ್ಸರಿಗೆ ರಕ್ಷಕ ಕಣಗಳ ಚಿಕಿತ್ಸೆ: ಪರೀಕ್ಷೆ ಏಕೆ ಬೇಕು?



ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ತಿಳಿದೊಡನೆ ಇಡೀ ಕುಟುಂಬವೇ ತತ್ತರಿಸುತ್ತದೆ. ಅಂಥ ವೇಳೆಯಲ್ಲಿ, “ನಿಮ್ಮ ರಕ್ತದ ಕಣಗಳಿಂದಲೇ ರೋಗ ವಾಸಿಮಾಡುವ ಹೊಸ ಚಿಕಿತ್ಸೆ ಬಂದಿದೆ” ಎಂದು ಯಾರಾದರೂ ಹೇಳಿದರೆ, ಹೊಲ ಮಾರಿಯಾದರೂ, ಒಡವೆ ಒತ್ತೆಯಿಟ್ಟಾದರೂ ಅದನ್ನು ಮಾಡಿಸೋಣವೆನ್ನಿಸುವುದು ಸಹಜ. ಹಾಗೆ ನಿರ್ಧರಿಸುವ ಮೊದಲು ಪತಿಪತ್ನಿಯರಿಬ್ಬರೂ ತಿಳಿದಿರಬೇಕಾದ ಸಂಗತಿಗಳನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ರೋಗದ ಪರಿಚಯ

ನಮ್ಮ ಬೆನ್ನೆಲುಬಿನ ಎರಡು ಪಕ್ಕಗಳಲ್ಲಿ ಎರಡು ಮೂತ್ರಪಿಂಡಗಳಿವೆ. ಇವು ರಕ್ತವನ್ನು ಶೋಧಿಸಿ ಕಶ್ಮಲವನ್ನು ಮೂತ್ರದ ಮೂಲಕ ಹೊರಹಾಕುತ್ತವೆ. ಇವುಗಳಲ್ಲಿ ಕ್ಯಾನ್ಸರ್ ಗಡ್ಡೆ ಹುಟ್ಟಿದಾಗ ಮೊದಮೊದಲು ಸಾಮಾನ್ಯವಾಗಿ ನೋವಿರುವುದಿಲ್ಲ. ಗಡ್ಡೆಯು ಮೂತ್ರಪಿಂಡದೊಳಗೇ ಇರುವಾಗ ಶಸ್ತ್ರಚಿಕಿತ್ಸೆಯಿಂದ ಗುಣವಾಗುವ ಸಾಧ್ಯತೆ ಹೆಚ್ಚು. ಶ್ವಾಸಕೋಶ, ಮೂಳೆ ಮುಂತಾದೆಡೆಗೆ ಹರಡಿದ ಮೇಲೆ ಗುಣಪಡಿಸುವುದು ಕಷ್ಟ. ಇತರ ಅನೇಕ ಕ್ಯಾನ್ಸರುಗಳಿಗೆ ಕೊಡುವ ಕಿಮೋಥೆರಪಿ ಔಷಧಿಗಳಿಗೆ ಈ ರೋಗವು ಅಷ್ಟಾಗಿ ಬಗ್ಗುವುದಿಲ್ಲ. ಆದುದರಿಂದ ವೈದ್ಯರು ಬೇರೆ ಮಾರ್ಗವನ್ನು ಹುಡುಕಬೇಕಾಯಿತು.

ಕಣಗಳ ಚಿಕಿತ್ಸೆ ಎಂದರೇನು?

ರಕ್ತದಲ್ಲಿರುವ ಬಿಳಿಯ ಕಣಗಳು ಊರಿನ ಕಾವಲುಗಾರರಿದ್ದಂತೆ. ಹೊರಗಿನಿಂದ ಬಂದ ರೋಗಾಣುಗಳನ್ನು ಅವು ಗುರುತಿಸಿ ಕೊಲ್ಲುತ್ತವೆ. ಕ್ಯಾನ್ಸರ್ ಕಣವಾದರೋ ನಮ್ಮ ದೇಹದ ಕಣವೇ ಕೆಟ್ಟು ಬೆಳೆದದ್ದು. ಆದುದರಿಂದ ಕಾವಲುಗಾರರು ಅನೇಕ ವೇಳೆ ಅದನ್ನು ಗುರುತಿಸದೆ ಬಿಡುತ್ತಾರೆ. ಈ ಬಿಳಿ ಕಣಗಳನ್ನು ಹೊರತೆಗೆದು, ಪ್ರಯೋಗಶಾಲೆಯಲ್ಲಿ ಚುರುಕುಗೊಳಿಸಿ, ಮರಳಿ ರೋಗಿಯ ರಕ್ತಕ್ಕೆ ಸೇರಿಸುವುದೇ ಈ ಚಿಕಿತ್ಸೆ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಡಾ. ಸ್ಟೀವನ್ ರೋಸೆನ್‌ಬರ್ಗ್ ಮತ್ತು ಅವರ ಸಂಗಡಿಗರು ಇದನ್ನು ಮುಂದುವರಿದ ಕ್ಯಾನ್ಸರ್ ಇದ್ದವರಲ್ಲಿ ಪ್ರಯೋಗಿಸಿದರು. ಇಂಟರ್‌ಲ್ಯೂಕಿನ್-2 ಎಂಬ ಔಷಧಿಯಿಂದ ಕಣಗಳನ್ನು ಚುರುಕುಗೊಳಿಸಿ, ಅವುಗಳ ಜೊತೆಗೆ ಅದೇ ಔಷಧಿಯನ್ನು ರೋಗಿಗೂ ಕೊಟ್ಟರು. 1985ರಲ್ಲಿ ಅವರು ಪ್ರಕಟಿಸಿದ ವರದಿಯಂತೆ 25 ರೋಗಿಗಳ ಪೈಕಿ 11 ಮಂದಿಯ ಗಡ್ಡೆಗಳು ಕುಗ್ಗಿದ್ದವು. ಮೂತ್ರಪಿಂಡದ ಕ್ಯಾನ್ಸರ್ ಇದ್ದವರೂ ಅವರಲ್ಲಿದ್ದರು. ಜಗತ್ತಿನಲ್ಲೆಲ್ಲಾ ದೊಡ್ಡ ಆಸೆ ಮೂಡಿತು.

ಗೊಬ್ಬರವೋ, ಬೀಜವೋ?

ನೀವು ಹೊಸ ತಳಿಯ ರಾಗಿ ಬಿತ್ತಿ, ಹೊಸ ಗೊಬ್ಬರವನ್ನೂ ಹಾಕಿದಿರಿ ಎನ್ನಿ. ಬೆಳೆ ಚೆನ್ನಾಗಿ ಬಂತು. ಅದು ಬೀಜದ ಗುಣವೋ, ಗೊಬ್ಬರದ ಗುಣವೋ? ತಿಳಿಯಬೇಕಾದರೆ ಹೊಲವನ್ನು ಎರಡು ಭಾಗ ಮಾಡಿ, ಎರಡಕ್ಕೂ ಹೊಸ ಗೊಬ್ಬರ ಹಾಕಿ, ಒಂದರಲ್ಲಿ ಮಾತ್ರ ಹೊಸ ಬೀಜ ಬಿತ್ತಿ ನೋಡಬೇಕು.

ವೈದ್ಯರೂ ಹಾಗೆಯೇ ಮಾಡಿದರು. 181 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧಿಯನ್ನು ಮಾತ್ರ, ಇನ್ನೊಂದಕ್ಕೆ ಔಷಧಿಯೊಡನೆ ಕಣಗಳನ್ನೂ ಕೊಟ್ಟರು. 1993ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂತ್ರಪಿಂಡದ ಕ್ಯಾನ್ಸರಿನಲ್ಲಿ ಕಣಗಳಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಗಡ್ಡೆಯೊಳಗಿನಿಂದಲೇ ತೆಗೆದ ಬಿಳಿ ಕಣಗಳನ್ನು ಬೆಳೆಸಿ 160 ರೋಗಿಗಳಲ್ಲಿ ನಡೆಸಿದ ಮತ್ತೊಂದು ಪರೀಕ್ಷೆಯ ಫಲವೂ 1999ರಲ್ಲಿ ಹಾಗೆಯೇ ಬಂತು. ಹಲವರಿಗೆ ಬೇಕಾದಷ್ಟು ಕಣಗಳನ್ನು ಬೆಳೆಸುವುದೇ ಸಾಧ್ಯವಾಗಲಿಲ್ಲ.

ಔಷಧಿಯೇನೋ ಕೆಲವರಿಗೆ ನೆರವಾಯಿತು; 1992ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ದೊರೆಯಿತು. ನೂರು ರೋಗಿಗಳಲ್ಲಿ ಸುಮಾರು 15 ಮಂದಿಯ ಗಡ್ಡೆ ಮಾತ್ರ ಗಣನೀಯವಾಗಿ ಕುಗ್ಗುತ್ತಿತ್ತು. ರಕ್ತದೊತ್ತಡ ಕುಸಿಯುವುದು, ಉಸಿರಾಟ ಕಷ್ಟವಾಗುವುದು ಮುಂತಾದ ತೀವ್ರ ತೊಂದರೆಗಳಿದ್ದವು; ಕೆಲವರು ಚಿಕಿತ್ಸೆಯಿಂದಲೇ ತೀರಿಕೊಂಡರು.

ಇಂದಿನ ಸ್ಥಿತಿ

ಬಿಳಿ ಕಣಗಳಿಗೆ ಬಿದ್ದಿರುವ ತಡೆಯನ್ನು ದೇಹದೊಳಗೇ ತೆಗೆಯುವ ನಿವೊಲುಮ್ಯಾಬ್ ಎಂಬ ಔಷಧಿಗೆ 2015ರಲ್ಲಿ ಅಮೆರಿಕದಲ್ಲಿ ಈ ರೋಗಕ್ಕಾಗಿ ಅನುಮತಿ ದೊರೆಯಿತು. ಪರೀಕ್ಷೆಯಲ್ಲಿ ಅದು ರೋಗಿಗಳ ಆಯುಷ್ಯವನ್ನು ಹೆಚ್ಚಿಸಿತ್ತು. ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳು ಸೇರಿ ರೂಪಿಸಿದ ಕಣಚಿಕಿತ್ಸೆಗೆ 2023ರಲ್ಲಿ ನಮ್ಮ ದೇಶದಲ್ಲಿ ಅನುಮತಿ ದೊರೆತದ್ದು ಕೆಲವು ಬಗೆಯ ರಕ್ತದ ಕ್ಯಾನ್ಸರುಗಳಿಗೆ. ಮೂತ್ರಪಿಂಡದ ಕ್ಯಾನ್ಸರಿಗೆ ಮಾರ್ಪಡಿಸಿದ ಕಣಗಳ ಚಿಕಿತ್ಸೆಯು ಇನ್ನೂ ಪರೀಕ್ಷೆಯ ಹಂತದಲ್ಲಿದೆ. ಇವೆರಡನ್ನೂ ಒಂದೇ ಎಂದು ತಿಳಿದು ಮೋಸಹೋಗಬೇಡಿರಿ.

ಪರೀಕ್ಷೆಗೆ ಸೇರಲು ಕೇಳಿದರೆ

1. ಇದು ಸ್ಥಿರಪಟ್ಟ ಚಿಕಿತ್ಸೆಯೋ, ಪರೀಕ್ಷೆಯೋ ಎಂದು ನೇರವಾಗಿ ಕೇಳಿರಿ. ಪರೀಕ್ಷೆಯಾದರೆ ಅದರ ನೋಂದಣಿ ಸಂಖ್ಯೆಯನ್ನೂ, ನೈತಿಕ ಸಮಿತಿಯ ಒಪ್ಪಿಗೆಯನ್ನೂ ಕೇಳಿರಿ.

2. ಒಪ್ಪಿಗೆ ಪತ್ರವನ್ನು ನಿಮಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕು. ಓದಲು ಬಾರದವರಿಗೆ ಓದಿ ಹೇಳುವಾಗ ನಿಷ್ಪಕ್ಷಪಾತಿಯಾದ ಸಾಕ್ಷಿಯೊಬ್ಬರು ಇರಬೇಕು. ತಿಳಿಯದೆ ಹೆಬ್ಬೆಟ್ಟು ಒತ್ತಬೇಡಿರಿ.

3. ಸೇರಲೇಬೇಕೆಂಬ ಬಲವಂತವಿಲ್ಲ. ಸೇರಿದ ಮೇಲೂ ಯಾವಾಗ ಬೇಕಾದರೂ ಬಿಡಬಹುದು. 2019ರ ನಿಯಮಗಳಂತೆ, ಪರೀಕ್ಷೆಯಿಂದಾದ ಹಾನಿಗೆ ಉಚಿತ ಚಿಕಿತ್ಸೆಯೂ ಪರಿಹಾರವೂ ದೊರೆಯಬೇಕು.

4. ದೊಡ್ಡ ಮೊತ್ತ ಕೇಳಿ, ಗುಣವಾಗುವುದು ಖಂಡಿತವೆಂದು ಹೇಳುವವರನ್ನು ನಂಬಬೇಡಿರಿ. ಮೊದಲು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿರಿ.

ನೆನಪಿಡಿರಿ

ಮೂತ್ರದಲ್ಲಿ ಒಮ್ಮೆ ರಕ್ತ ಕಂಡು ತಾನಾಗಿಯೇ ನಿಂತರೂ, ನೋವಿಲ್ಲದಿದ್ದರೂ, ಉಷ್ಣವೆಂದು ಸುಮ್ಮನಾಗಬೇಡಿರಿ. ಪಕ್ಕೆಯಲ್ಲಿ ಗಡ್ಡೆ ಅಥವಾ ಬಿಡದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಇವೂ ಲಕ್ಷಣಗಳಾಗಿರಬಹುದು. ಬೀಡಿ ಸಿಗರೇಟು ಬಿಡಿರಿ, ರಕ್ತದೊತ್ತಡವನ್ನು ಪರೀಕ್ಷಿಸಿಕೊಳ್ಳುತ್ತಿರಿ. ಸಂಕೋಚದಿಂದ ಪತಿ ಹೇಳದಿದ್ದರೆ ಪತ್ನಿ ಕೇಳಬೇಕು. ಪತ್ನಿ ಹೇಳದಿದ್ದರೆ ಪತಿ ಕೇಳಬೇಕು. ಹರಡಿದ ರೋಗಕ್ಕೆ ವಿಜ್ಞಾನವು ಇನ್ನೂ ಉತ್ತರ ಹುಡುಕುತ್ತಿದೆ. ಹರಡುವ ಮೊದಲೇ ವೈದ್ಯರ ಬಳಿಗೆ ಹೋಗುವುದು ನಿಮ್ಮ ಕೈಯಲ್ಲಿದೆ.