ಹತ್ತಿಯ ಹಂಗಾಮಿನಲ್ಲಿ ಹತ್ತನೇ ತರಗತಿ

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ಜಿಲ್ಲಾವಾರು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವುದು ನಮ್ಮ ಯಾದಗಿರಿ ಜಿಲ್ಲೆಯವರಿಗೆ ರೂಢಿಯಾಗಿಬಿಟ್ಟಿದೆ. 2023ರಲ್ಲಿ ರಾಜ್ಯದ ಸರಾಸರಿ ಶೇ 83.89 ಇದ್ದಾಗ ನಮ್ಮದು ಶೇ 75.49, ಕೊನೆಯ ಸ್ಥಾನ. 2024ರಲ್ಲಿ ರಾಜ್ಯ ಶೇ 73.40ಕ್ಕೆ ಇಳಿಯಿತು, ನಾವು ಶೇ 50.59ಕ್ಕೆ ಕುಸಿದೆವು, ಆಗಲೂ ಕೊನೆಯ ಸ್ಥಾನವೇ. 2025ರಲ್ಲಿ ಆ ಜಾಗ ಪಕ್ಕದ ಕಲಬುರಗಿಗೆ ಹೋಯಿತೆಂದು ಸಮಾಧಾನ ಪಡುವ ಹಾಗೂ ಇಲ್ಲ, ಅಲ್ಲಿಯ ಮಕ್ಕಳೂ ನಮ್ಮವರೇ. ಪಟ್ಟಿ ಬಂದ ಮೇಲೆ ಒಂದು ವಾರ ಮಾತೋ ಮಾತು. ಮಾಸ್ತರರು ಕಲಿಸುವುದಿಲ್ಲ, ಅವ್ವ ಅಪ್ಪನಿಗೆ ಕಾಳಜಿ ಇಲ್ಲ, ಮಕ್ಕಳ ತಲೆಗೆ ಹತ್ತುವುದಿಲ್ಲ, ಮೊಬೈಲು ಎಲ್ಲ ಕೆಡಿಸಿತು. ನಮ್ಮ ಜಿಲ್ಲೆಯ ಕೆಂಭಾವಿ ಸುತ್ತಿನ ಹೈಸ್ಕೂಲು ಮಕ್ಕಳಿಗೆ ಪಾಠ ಹೇಳುತ್ತ, ಅವರ ಮನೆಯ ಹಿರಿಯರೊಂದಿಗೆ ಮಾತಾಡುತ್ತ ನಾನು ಕಲಿತದ್ದು ಬೇರೆಯೇ. ಈ ಮಕ್ಕಳಿಗೆ ಮೊದಲ ಕೊರತೆ ಹೊತ್ತಿನದು. ಓದಲು ಬೇಕಾದ ತಾಸುಗಳು, ಅದರಲ್ಲೂ ಅತ್ಯಂತ ಬೇಕಾದ ತಿಂಗಳುಗಳ ತಾಸುಗಳು, ಅವರ ಕೈಯಲ್ಲಿ ಇರುವುದೇ ಇಲ್ಲ. ಉಳಿದ ಕೊರತೆಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದನ್ನು ಲೆಕ್ಕಕ್ಕೇ ಹಿಡಿಯದೆ ಮಾಡಿದ ಸುಧಾರಣೆಗಳೆಲ್ಲ ಅರ್ಧಕ್ಕೆ ನಿಲ್ಲುವುದನ್ನು ನೋಡಿ ಈ ಮಾತು ಹೇಳುತ್ತಿದ್ದೇನೆ.

ನಮ್ಮ ಸುರಪುರ, ಶಹಾಪುರ ತಾಲ್ಲೂಕುಗಳ ವರ್ಷದ ಲೆಕ್ಕವನ್ನು ನಾರಾಯಣಪುರದ ಬಸವಸಾಗರ ಜಲಾಶಯ ಬದಲಿಸಿತು. ಎಡದಂಡೆ ಕಾಲುವೆ ಹರಿದ ಮೇಲೆ ಜೋಳ, ತೊಗರಿಯ ಒಣ ಬೇಸಾಯದ ಪಕ್ಕಕ್ಕೆ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ಹತ್ತಿ ಒಂದೇ ಸಲಕ್ಕೆ ಕೊಯ್ದು ಮುಗಿಸುವ ಬೆಳೆಯಲ್ಲ. ಅಕ್ಟೋಬರ್ ಕೊನೆ, ನವೆಂಬರಿನಿಂದ ಕಾಯಿ ಒಡೆಯಲು ಶುರುವಾದರೆ ಜನವರಿಯವರೆಗೂ ಒಂದಾದ ಮೇಲೆ ಒಂದು ಸುತ್ತು ಬಿಡಿಸಬೇಕು. ಅದು ಮುಗಿಯುವ ಹೊತ್ತಿಗೆ ಮೆಣಸಿನಕಾಯಿ ಕೆಂಪಾಗಿ ಕಾದಿರುತ್ತದೆ. ಬಿಡಿಸುವ ಕೂಲಿಯನ್ನು ತೂಕದ ಮೇಲೆ ಕೊಡುವುದು ವಾಡಿಕೆ, ಹೀಗಾಗಿ ಮನೆಯಲ್ಲಿ ಎಷ್ಟು ಕೈ ಇವೆಯೋ ಅಷ್ಟು ದುಡ್ಡು. ಈಗ ಶಾಲೆಯ ವರ್ಷವನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ದಸರಾ ರಜೆ ಮುಗಿದ ಮೇಲೆ ಎರಡನೇ ಅವಧಿ, ಡಿಸೆಂಬರಿನೊಳಗೆ ಪಠ್ಯ ಮುಗಿಸುವ ಗಡಿಬಿಡಿ, ಜನವರಿಯಲ್ಲಿ ಪುನರಾವರ್ತನೆ, ಫೆಬ್ರುವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ, ಮಾರ್ಚಿನಲ್ಲಿ ಅಂತಿಮ ಪರೀಕ್ಷೆ. ಹೊಲ ಮಕ್ಕಳನ್ನು ಕರೆಯುವ ತಿಂಗಳಲ್ಲೇ ಶಾಲೆಯೂ ಹೆಚ್ಚಿನ ಹೊತ್ತು ಕೇಳುತ್ತದೆ. ಹಾಜರಿ ಪುಸ್ತಕ ತೆರೆದರೆ ಸಾಕು, ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಜೂನ್, ಜುಲೈ ಪುಟಗಳಲ್ಲಿ ಗೆರೆ ನೇರವಾಗಿ ಸಾಗುತ್ತದೆ. ನವೆಂಬರ್ ಪುಟದಿಂದ ನಡುನಡುವೆ ತೂತು ಬೀಳುತ್ತವೆ. ಸೋಮವಾರ ಇಲ್ಲ, ಮಂಗಳವಾರ ಇದೆ, ಆಮೇಲೆ ಮೂರು ದಿನ ಇಲ್ಲ. ಪರೀಕ್ಷೆಗೆ ಕೂರಲು ಶೇ 75 ಹಾಜರಿ ಬೇಕೆಂಬ ನಿಯಮವನ್ನು ಮನೆಯವರು ಬಲ್ಲರು, ಅಷ್ಟನ್ನು ಹೇಗೋ ತುಂಬಿಸುತ್ತಾರೆ. ತಪ್ಪಿದ ಕಾಲು ಭಾಗ ಯಾವುದು ಎಂಬುದೇ ಪ್ರಶ್ನೆ. ಗಣಿತದಲ್ಲಿ ವರ್ಗ ಸಮೀಕರಣ ನಡೆಯುವಾಗ ನಾಲ್ಕು ದಿನ ಇಲ್ಲದ ಹುಡುಗ ಐದನೆಯ ದಿನ ಬಂದು ಕೂತರೆ ಅವನು ಹಾಜರಿದ್ದಾನೆ ಎನ್ನಬಹುದು, ಪಾಠದಲ್ಲಿ ಇದ್ದಾನೆ ಎನ್ನಲಾಗದು.

ಶಾಲೆ ತಪ್ಪಿಸದ ಮಕ್ಕಳ ದಿನವಾದರೂ ಹೇಗಿರುತ್ತದೆ? ಹತ್ತನೇ ತರಗತಿಯ ಹುಡುಗಿಯ ಸಾಮಾನ್ಯ ದಿನವನ್ನೇ ಹಿಡಿಯೋಣ. ನಸುಕಿನಲ್ಲಿ ಎದ್ದು ಅಂಗಳ ಕಸ ಹೊಡೆದು, ನೀರು ಬಂದ ದಿನವಾದರೆ ಕೊಡ ಹಿಡಿದು ಸರದಿಗೆ ನಿಂತು, ಒಲೆ ಹಚ್ಚಿ ರೊಟ್ಟಿ ಬಡಿಯಬೇಕು. ಏಳೂವರೆಗೆ ಕೂಲಿಯವರನ್ನು ಒಯ್ಯುವ ಟಂಟಂ ಬಂದು ನಿಲ್ಲುವುದರೊಳಗೆ ಅವ್ವನ ಬುತ್ತಿ ಕಟ್ಟಿರಬೇಕು. ಅವ್ವ ಹೊಲಕ್ಕೆ ಹೋದ ಮೇಲೆ ತಮ್ಮ ತಂಗಿಯರನ್ನು ತಯಾರು ಮಾಡಿ, ಭಾಂಡೆ ತೊಳೆದು, ಹತ್ತರೊಳಗೆ ಶಾಲೆ ಸೇರಬೇಕು. ಸಂಜೆ ಮನೆ ಮುಟ್ಟಿದಾಗ ಅವ್ವ ಇನ್ನೂ ಬಂದಿರುವುದಿಲ್ಲ. ಮತ್ತೆ ಒಲೆ, ಮತ್ತೆ ರೊಟ್ಟಿ. ಎಲ್ಲರ ಊಟ ಮುಗಿದು ಪುಸ್ತಕ ತೆಗೆಯುವಾಗ ಒಂಬತ್ತು ದಾಟಿರುತ್ತದೆ. ಒಂದೇ ಖೋಲಿಯ ಮನೆಯಲ್ಲಿ ದಣಿದು ಬಂದವರಿಗೆ ದೀಪ ಆರಿಸಿ ಮಲಗುವ ಆಸೆ, ಓದುವವಳಿಗೆ ದೀಪ ಬೇಕು. ಗೆಲ್ಲುವುದು ನಿದ್ದೆಯೇ. ಹುಡುಗರ ದಿನದಲ್ಲಿ ಒಲೆಯ ಬದಲು ದನ, ನೀರು ಹಾಯಿಸುವುದು, ಟ್ರ್ಯಾಕ್ಟರಿನ ಹಿಂದೆ ಹೋಗುವುದು ಇರುತ್ತದೆ. ಅವರಿಗೆ ಸಂಜೆಯ ಒಂದೆರಡು ತಾಸು ಬಿಡುವು ಸಿಗುವುದುಂಟು, ಅದರ ಮಾತು ಮುಂದೆ ಬರುತ್ತದೆ. ಹುಡುಗಿಗೆ ಉಳಿಯುವುದು ಹೆಚ್ಚೆಂದರೆ ಒಂದು ತಾಸು, ಅದೂ ದಿನದ ಅತ್ಯಂತ ದಣಿದ ತಾಸು.

ಆ ಒಂದು ತಾಸಿನ ಮೇಲೆ ನಾವು ಹೋಂವರ್ಕಿನ ಹೊರೆ ಹೇರುತ್ತೇವೆ. ಮನೆಯಲ್ಲಿ ಓದು ಬಲ್ಲವರೊಬ್ಬರು ಇದ್ದಾರೆ, ಕೂತು ಬರೆಯಲು ಜಾಗ ಇದೆ ಎಂದು ನಂಬಿ ಕೊಡುವ ಕೆಲಸ ಅದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 52ರ ಆಸುಪಾಸು, ರಾಜ್ಯದಲ್ಲೇ ಕಡಿಮೆ. ಹೆಣ್ಣುಮಕ್ಕಳದು ಶೇ 41ರ ಹತ್ತಿರ. ಇಂದು ಹತ್ತನೇ ತರಗತಿಯಲ್ಲಿ ಕೂತವರ ತಾಯಂದಿರು ಆ ಗಣತಿಯ ಹೊತ್ತಿಗೇ ಬೆಳೆದು ನಿಂತವರು, ಅವರಲ್ಲಿ ಬಹುಪಾಲು ಓದದವರ ಲೆಕ್ಕದಲ್ಲೇ ಸೇರಿದವರು. ಇದಕ್ಕೆ ಹಿಂದಿನ ಕಾರಣವೂ ಉಂಟು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗದಲ್ಲಿ ಮೇಲಿನ ಓದು ಉರ್ದುವಿನಲ್ಲಿತ್ತು, ಹಳ್ಳಿಯ ಕನ್ನಡದ ಮಕ್ಕಳಿಗೆ ಶಾಲೆ ಎಂಬುದು ದೂರದ ಮಾತಾಗಿತ್ತು. ಕರಾವಳಿಯಲ್ಲಿ ಅಜ್ಜಿಯೇ ಶಾಲೆ ಕಲಿತ ಮನೆಗಳು ಎಷ್ಟೋ ಇವೆ, ಇಲ್ಲಿ ಮನೆತನಕ್ಕೆ ಮೊದಲ ಹೈಸ್ಕೂಲು ಮೆಟ್ಟಿಲು ಹತ್ತಿದವರು ಈಗಿನ ಮಕ್ಕಳೇ ಆಗಿರುವುದು ಸಾಮಾನ್ಯ. ಉಡುಪಿಯ ಶೇ 94, ನಮ್ಮ ಶೇ 50.59 ಎಂದು ಎರಡು ಅಂಕಿ ಪಕ್ಕಪಕ್ಕ ಬರೆದಾಗ ನಾವು ಶಾಲೆಗಳನ್ನು ಹೋಲಿಸುತ್ತಿದ್ದೇವೆ ಎಂದುಕೊಳ್ಳುತ್ತೇವೆ. ಅದರೊಳಗೆ ಸಂಜೆ ಆರರಿಂದ ರಾತ್ರಿ ಹತ್ತರವರೆಗಿನ ಮನೆಗಳ ಹೋಲಿಕೆಯೂ ಸೇರಿಕೊಂಡಿರುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಹಿರಿಯರದು. ನಾವೂ ದನ ಕಾಯ್ದು, ಕಸ ತೆಗೆದು, ಚಿಮಣಿ ಬೆಳಕಿನಲ್ಲಿ ಓದಿ ನೌಕರಿ ಹಿಡಿದವರಲ್ಲವೇ, ಈಗಿನವರಿಗೇನು ಧಾಡಿ ಎನ್ನುತ್ತಾರೆ. ಹಾಗೆ ಓದಿ ಮೇಲೆ ಬಂದವರಷ್ಟೇ ಇವತ್ತು ಮಾತಾಡುವ ಜಾಗದಲ್ಲಿ ಕೂತಿದ್ದಾರೆ. ಅವರ ಜೊತೆ ಒಂದೇ ಬೆಂಚಿನಲ್ಲಿ ಕೂತು ಏಳನೇ ತರಗತಿಗೆ ಶಾಲೆ ಬಿಟ್ಟವರ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಅಲ್ಲದೆ ಕೆಲಸದ ಸ್ವರೂಪವೂ ಬದಲಾಗಿದೆ. ಸ್ವಂತ ಹೊಲದಲ್ಲಿ ಹೊತ್ತು ಸಿಕ್ಕಾಗ ಕೈಜೋಡಿಸುವುದು ಬೇರೆ, ತೂಕದ ಕೂಲಿಗೆ ಬೆಳಿಗ್ಗೆಯಿಂದ ಸಂಜೆಯವರೆಗೆ ತಿಂಗಳುಗಟ್ಟಲೆ ಬಾಗಿ ದುಡಿಯುವುದು ಬೇರೆ. ಹೊಲದ ಕೆಲಸ ಮಕ್ಕಳಿಗೆ ಗೊತ್ತಿರಬೇಕು ಎಂಬುದಕ್ಕೆ ನನ್ನ ತಕರಾರಿಲ್ಲ. ಬೇಸಿಗೆ ರಜೆಯಲ್ಲಿ, ಭಾನುವಾರದಲ್ಲಿ ಕಲಿಯಲಿ. ಡಿಸೆಂಬರಿನ ಬುಧವಾರವನ್ನು ಅದಕ್ಕೆ ಕೊಡಬಾರದು.

ಎರಡನೆಯ ಆಕ್ಷೇಪ ಬಡತನದ್ದು, ಇದು ಹೆಚ್ಚು ತೂಕದ್ದು. ಸಾಲ ಇದೆ, ಮುಂಗಡ ತಿಂದಾಗಿದೆ, ಹಂಗಾಮಿನ ಮೂರು ತಿಂಗಳಲ್ಲಿ ದುಡಿಯದಿದ್ದರೆ ಮಳೆಗಾಲಕ್ಕೆ ಏನು ತಿನ್ನುವುದು ಎಂದು ಕೇಳುವ ತಾಯಿಯ ಲೆಕ್ಕ ತಪ್ಪಲ್ಲ. ಆಕೆಗೆ ಶಿಕ್ಷಣದ ಮಹತ್ವದ ಬಗ್ಗೆ ಭಾಷಣ ಮಾಡುವುದು ನಾಚಿಕೆಗೇಡು. ಕಾನೂನು ಕೂಡ ಈ ವಯಸ್ಸಿನವರ ವಿಷಯದಲ್ಲಿ ಅರೆಮನಸ್ಸಿನದು. 2009ರ ಶಿಕ್ಷಣ ಹಕ್ಕು ಕಾಯ್ದೆ ಕಾಯುವುದು 6ರಿಂದ 14 ವರ್ಷದವರನ್ನು. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ 14 ದಾಟಿದವರನ್ನು ಅಪಾಯಕಾರಿ ಕೆಲಸಗಳಿಂದ ಮಾತ್ರ ದೂರ ಇಡುತ್ತದೆ. ಹದಿನೈದು ಹದಿನಾರರ ಹತ್ತನೇ ತರಗತಿಯವರು ಈ ಎರಡರ ನಡುವಿನ ಸಂದಿಯಲ್ಲಿ ಜಾರಿಬಿಡುತ್ತಾರೆ. ಬಡತನವನ್ನು ಶಾಲೆ ನೀಗಿಸಲಾರದು. ಆದರೆ ಬಡವರ ಮನೆಗೆ ಹೊತ್ತು ಉಳಿಸಿಕೊಟ್ಟ ಯೋಜನೆಗಳು ಫಲ ಕೊಟ್ಟದ್ದನ್ನು ನಾವು ಕಂಡಿದ್ದೇವೆ. 2002ರಲ್ಲಿ ಮಧ್ಯಾಹ್ನದ ಬಿಸಿಯೂಟದ ಅಕ್ಷರ ದಾಸೋಹ ಮೊದಲು ಶುರುವಾದದ್ದು ನಮ್ಮ ಭಾಗದ ಜಿಲ್ಲೆಗಳಲ್ಲೇ. ಮುಂದೆ ಅದು ಹೈಸ್ಕೂಲಿಗೂ ಬಂತು, ಮಧ್ಯಾಹ್ನ ಮನೆಗೆ ಹೋಗಿ ಅಲ್ಲೇ ಉಳಿಯುವುದು ಕಡಿಮೆಯಾಯಿತು. 2006-07ರಲ್ಲಿ ಎಂಟನೇ ತರಗತಿಯವರಿಗೆ ಸೈಕಲ್ ಬಂದಾಗ ದಾರಿಯ ಹೊತ್ತು ಉಳಿಯಿತು. ಕೊರೊನಾ ಕಾಲದಲ್ಲಿ ಅದು ನಿಂತಿತು. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ದುಡ್ಡಿಲ್ಲವೆಂದು ಹುಡುಗಿ ಮನೆಯಲ್ಲಿ ಉಳಿಯುವ ಮಾತು ಇಲ್ಲ. ಯಾವುದೂ ಭಾಷಣವಲ್ಲ, ಎಲ್ಲವೂ ದಿನದ ತಾಸುಗಳನ್ನು ಮರಳಿ ಕೊಟ್ಟ ಕೆಲಸಗಳು.

ಮೊಬೈಲಿನ ಮೇಲಿನ ದೂರು ಅರ್ಧ ನಿಜ. ಹುಡುಗರಿಗೆ ಸಿಗುವ ಸಂಜೆಯ ಬಿಡುವನ್ನು ರೀಲ್ಸ್, ಆಟಗಳು ನುಂಗುತ್ತಿರುವುದು ಸುಳ್ಳಲ್ಲ. ಆದರೆ ಮೊಬೈಲ್ ಕೆಡಿಸಿತು ಎಂಬ ಮಾತು ನಿಜವಿದ್ದರೆ, ಮನೆಯ ಒಂದೇ ಫೋನು ಅಣ್ಣನ ಜೇಬಿನಲ್ಲಿರುವಾಗ ಅದನ್ನು ಮುಟ್ಟಲೂ ಪುರಸೊತ್ತಿಲ್ಲದ ಹುಡುಗಿಯರೆಲ್ಲ ಪಾಸಾಗಬೇಕಿತ್ತು. ನಕಲಿನ ಮಾತು ಇದಕ್ಕಿಂತ ಗಟ್ಟಿ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂದ ವರ್ಷವೇ ನಮ್ಮ ಜಿಲ್ಲೆಯ ಫಲಿತಾಂಶ ಒಂದೇ ಏಟಿಗೆ ಸುಮಾರು 25 ಅಂಶ ಬಿತ್ತಲ್ಲ, ಹಿಂದಿನ ಅಂಕಿಗಳು ಟೊಳ್ಳಾಗಿದ್ದವು ಎಂದು ಅರ್ಥವಲ್ಲವೇ ಎಂದು ಕೇಳುವವರಿದ್ದಾರೆ. ಬಹುಮಟ್ಟಿಗೆ ಹೌದು, ಅದನ್ನು ಒಪ್ಪಬೇಕು. ಕ್ಯಾಮೆರಾ ಬಂದದ್ದು ಒಳ್ಳೆಯದೇ, ನಿಜವಾದ ಅಳತೆ ಸಿಕ್ಕಿತು. ಆದರೆ ಅಳೆಯುವುದರಿಂದ ಕಲಿಕೆ ಹೆಚ್ಚುವುದಿಲ್ಲ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವೂ ಈಗ ಇದೆ, ಬಿದ್ದವರಿಗೆ ಮತ್ತೆ ಏಳಲು ಅದು ನೆರವು. ಕಳೆದುಹೋದ ನವೆಂಬರ್, ಡಿಸೆಂಬರುಗಳನ್ನು ಅದು ಮರಳಿಸಲಾರದು.

ಹೊತ್ತು ಸಿಕ್ಕರೆ ಇದೇ ಮಕ್ಕಳು ಏನು ಮಾಡಬಲ್ಲರು ಎಂಬುದಕ್ಕೆ ಸಾಕ್ಷಿ ನಮ್ಮಲ್ಲೇ ಇದೆ. ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳಲ್ಲಿ ಓದುವವರೂ ಇಂಥದೇ ಹಳ್ಳಿ, ತಾಂಡಾಗಳ ಬಡವರ ಮಕ್ಕಳು. ಅಲ್ಲಿ ರೊಟ್ಟಿ ಬಡಿಯುವ, ದನ ಕಟ್ಟುವ ಕೆಲಸವಿಲ್ಲ, ಸಂಜೆ ಓದಿಗೆ ಗೊತ್ತಾದ ವೇಳೆ ಇದೆ, ಸಂದೇಹ ಕೇಳಲು ಮಾಸ್ತರರು ಇದ್ದಾರೆ. ಅವರು ಆರನೇ ತರಗತಿಗೆ ಪರೀಕ್ಷೆ ಮಾಡಿ ಆರಿಸಿಕೊಂಡ ಮಕ್ಕಳಲ್ಲವೇ ಎಂಬ ಆಕ್ಷೇಪ ಸರಿಯಾದದ್ದೇ, ಅಲ್ಲಿಯ ಒಳ್ಳೆಯ ಫಲಿತಾಂಶದ ಒಂದು ಪಾಲು ಆ ಆಯ್ಕೆಗೆ ಸಲ್ಲಬೇಕು. ಆದರೆ ಹನ್ನೊಂದರ ವಯಸ್ಸಿನಲ್ಲಿ ಬುದ್ಧಿವಂತರೆನಿಸಿಕೊಂಡ ಎಷ್ಟೋ ಮಕ್ಕಳು ಸೀಟು ಸಿಗದೆ ಊರಲ್ಲೇ ಉಳಿದು, ಹದಿನಾರಕ್ಕೆ ಹಿಂದೆ ಬಿದ್ದವರ ಸಾಲಿಗೆ ಸೇರುವುದಕ್ಕೆ ಕಾರಣ ಬೇರೆ ಹುಡುಕಬೇಕಲ್ಲ. ಓದುವವರಿಗೆ ಹೊತ್ತು ಮಾಡಿಕೊಡುವುದು ಈ ನೆಲಕ್ಕೆ ಹೊಸದೂ ಅಲ್ಲ. ಚಿತ್ತಾಪುರದ ಹತ್ತಿರದ ನಾಗಾವಿಯಲ್ಲಿ 1058ರ ಚಾಲುಕ್ಯರ ಕಾಲದ ಶಾಸನ ಘಟಿಕಾಸ್ಥಾನವೆಂಬ ವಿದ್ಯಾಕೇಂದ್ರದ ಅಧ್ಯಾಪಕರಿಗೆ, ಗ್ರಂಥಪಾಲಕರಿಗೆ ಬಿಟ್ಟ ದತ್ತಿಯನ್ನು ಹೇಳುತ್ತದೆ. ಓದು ನಡೆಯಬೇಕಾದರೆ ಅದರಲ್ಲಿ ತೊಡಗಿದವರ ಹೊಟ್ಟೆಪಾಡನ್ನು ಬೇರೆ ಯಾರಾದರೂ ಹೊರಬೇಕೆಂಬುದು ಆಗಲೇ ಗೊತ್ತಿತ್ತು. ಆ ವಿದ್ಯೆ ಅಂದು ಕೆಲವರ ಪಾಲಿಗಷ್ಟೇ ಇತ್ತು. ಎಲ್ಲರಿಗೂ ಅದನ್ನು ಮಾಡಿಕೊಡಬೇಕಾದದ್ದು ಇಂದಿನ ಸರ್ಕಾರದ ಕೆಲಸ.

ಎಲ್ಲರಿಗೂ ವಸತಿ ಶಾಲೆ ಕಟ್ಟುವವರೆಗೆ ಕಾಯಬೇಕಿಲ್ಲ. ರಾಜ್ಯಕ್ಕೆಲ್ಲ ಒಂದೇ ಪರೀಕ್ಷೆ, ಒಂದೇ ವೇಳಾಪಟ್ಟಿ, ಕೆಂಭಾವಿಗೆ ಬೇರೆ ಮಾಡಲಾಗುತ್ತದೆಯೇ ಎಂದು ಕೇಳಬಹುದು. ಬಿಸಿಲಿಗಾಗಿ ಮಾಡಿದ್ದೇವಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆಯ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಬಿಸಿಲಿಗೆ ಬಾಗುವ ವೇಳಾಪಟ್ಟಿ ಹತ್ತಿಗೂ ಬಾಗಬಲ್ಲದು, ಪರೀಕ್ಷೆಯ ದಿನಾಂಕ ಮುಟ್ಟದೆಯೇ. ಗಣಿತ, ವಿಜ್ಞಾನ, ಇಂಗ್ಲಿಷಿನ ಕಠಿಣ ಪಾಠಗಳನ್ನು ಜೂನಿನಿಂದ ಅಕ್ಟೋಬರಿನೊಳಗೆ ಮುಗಿಸಿ, ಹಂಗಾಮಿನ ತಿಂಗಳಿಗೆ ತಪ್ಪಿದರೂ ಹಿಡಿದುಕೊಳ್ಳಬಹುದಾದ ಪಾಠಗಳನ್ನು ಇಡಬಹುದು. ಹೋಂವರ್ಕನ್ನು ಶಾಲೆಯಲ್ಲೇ ಬರೆಸಿ ಕಳಿಸಬಹುದು. ಸಂಜೆ ಎರಡು ತಾಸು ಶಾಲೆಯ ಎರಡು ಕೋಣೆಗಳನ್ನು ತೆರೆದಿಟ್ಟು ದೀಪ, ಒಬ್ಬ ಮಾಸ್ತರರು, ಒಂದಿಷ್ಟು ಚುರುಮುರಿ ಇಟ್ಟರೆ ಸಾಕು. ಸುತ್ತಿನ ಹಳ್ಳಿಗಳಲ್ಲಿ ಪಂಚಾಯಿತಿಯ ಅರಿವು ಕೇಂದ್ರಕ್ಕೂ ಇದೇ ಕೆಲಸ ಕೊಡಬಹುದು. ಹುಡುಗಿಯರನ್ನು ಕತ್ತಲಲ್ಲಿ ಮನೆ ಮುಟ್ಟಿಸುವ ಹೊಣೆಯನ್ನು ಶಾಲಾಭಿವೃದ್ಧಿ ಸಮಿತಿ ಹೊರಬೇಕು, ಇಲ್ಲವಾದರೆ ಇದು ಹುಡುಗರ ಯೋಜನೆಯಾಗಿಬಿಡುತ್ತದೆ. ಕೂಲಿ ಹುಡುಕಿ ಗುಳೆ ಹೋಗುವ ಮನೆಗಳ ಮಕ್ಕಳಿಗೆ ಹಂಗಾಮಿನ ವಸತಿ ನಿಲಯಗಳು ಮನೆಯವರು ಟ್ರಕ್ ಹತ್ತುವ ಮುಂಚೆಯೇ ತೆರೆಯಬೇಕು.

ಮನೆಯವರನ್ನು ಕೇಳುವ ರೀತಿಯೂ ಬದಲಾಗಬೇಕು, ನನ್ನ ಕೆಲಸ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು. ಮಕ್ಕಳನ್ನು ಸರಿಯಾಗಿ ಶಾಲೆಗೆ ಕಳಿಸಿ ಎಂದರೆ ಎಲ್ಲರೂ ಹೂಂ ಎನ್ನುತ್ತಾರೆ, ಏನೂ ಬದಲಾಗುವುದಿಲ್ಲ. ಹತ್ತಿ ಒಡೆಯುವ ಮುಂಚೆ, ಸೆಪ್ಟೆಂಬರಿನಲ್ಲೇ ಪಾಲಕರ ಸಭೆ ಕರೆದು, ಈ ಮೂರು ತಿಂಗಳು ದಿನಕ್ಕೆ ಎರಡು ತಾಸು ನಿಮ್ಮ ಮಗಳದು, ಆ ಹೊತ್ತಿನ ಕೆಲಸ ಯಾರು ಮಾಡುತ್ತೀರಿ ಎಂದು ಕೇಳಿದರೆ ಮಾತು ನೆಲಕ್ಕೆ ಇಳಿಯುತ್ತದೆ. ಸಂಜೆಯ ನೀರು ತಮ್ಮ ತರುತ್ತಾನೆ, ಭಾಂಡೆ ಅಣ್ಣ ತಿಕ್ಕುತ್ತಾನೆ, ರೊಟ್ಟಿ ಒಂದೇ ಹೊತ್ತು ಬಡಿದರೆ ನಡೆಯುತ್ತದೆ ಎಂಬ ದಾರಿಗಳು ಮನೆಯವರಿಂದಲೇ ಬರುತ್ತವೆ. ಓದದ ತಾಯಿಗೆ ಪಾಠ ಹೇಳಿಕೊಡಲು ಬಾರದು, ಆದರೆ ಎರಡು ತಾಸು ಕಾದುಕೊಡಲು ಆಕೆಗಿಂತ ಗಟ್ಟಿಗರು ಯಾರೂ ಇಲ್ಲ. ಮೇ ತಿಂಗಳ ಪಟ್ಟಿ ಹಿಡಿದು ಶಾಲೆಗಳಿಗೆ ನೋಟಿಸು ಕೊಡುವ ಅಧಿಕಾರಿಗಳೂ, ಮಕ್ಕಳನ್ನು ಜರೆಯುವ ನಾವೂ ಡಿಸೆಂಬರಿನ ಹಾಜರಿ ಪುಸ್ತಕವನ್ನು ಡಿಸೆಂಬರಿನಲ್ಲೇ ಓದಲು ಶುರು ಮಾಡಬೇಕು. ಆಗ ಮಾತ್ರ ಏನಾದರೂ ಮಾಡಲು ಮೂರು ತಿಂಗಳು ಉಳಿದಿರುತ್ತವೆ.