ಅಪ್ಪನ ಗಾಡಿ ಕೊಡುವ ಮುನ್ನ

ಪ್ರೀತಿಯ ತಮ್ಮಾ,

ನೀನು ಕೇಳಿದ್ದಕ್ಕೆ ಉತ್ತರ ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಅಪ್ಪನ ಹಳೆ ಲಾರಿ ಕೊಟ್ಟು ಹೊಸದು ತೆಗೆದುಕೊಳ್ಳುವುದು ಈ ಹಂಗಾಮಿಗೆ ಬೇಡ. ಚಾಸಿ ಗಟ್ಟಿ ಇದ್ದರೆ ಇನ್ನೊಂದು ಕಬ್ಬಿನ ಹಂಗಾಮು ಅದರಿಂದಲೇ ದುಡಿ. ಚಾಸಿಯಲ್ಲಿ ಬಿರುಕು ಕಂಡರೆ ಮಾತ್ರ ಒಂದು ಟ್ರಿಪ್ಪಿಗೂ ಹೊರಗೆ ತೆಗೆಯಬೇಡ.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಅಪ್ಪ ಬಿಟ್ಟುಹೋದ ಒಂದೇ ಲಾರಿ ನಂಬಿಕೊಂಡು ನಿಂತಿರುವ ಹುಡುಗ ನೀನೊಬ್ಬನೇ ಅಲ್ಲ. ಶೋರೂಮಿನವರು ಹಳೆಯದಕ್ಕೆ ಇಷ್ಟು ಹಿಡಿಯುತ್ತೇವೆ, ಉಳಿದದ್ದಕ್ಕೆ ಸಾಲ ನಾವೇ ಮಾಡಿಸುತ್ತೇವೆ ಎಂದು ಎಲ್ಲರ ಮನೆಗೂ ಫೋನು ಮಾಡುತ್ತಿದ್ದಾರೆ. ಅದಕ್ಕೇ ಇದನ್ನು ಉಳಿದವರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಗಾಡಿ ಮುದಿಯಾಯಿತೋ ಇಲ್ಲವೋ ಎಂಬುದನ್ನು ಇಂಜಿನ್ ಸದ್ದಿನಿಂದ ಅಳೆಯಬೇಡ. ಇಂಜಿನ್ ಬೋರಿಂಗ್ ಮಾಡಿಸಬಹುದು, ಗೇರ್ ಬಾಕ್ಸ್ ಬಿಚ್ಚಿಸಬಹುದು, ಕ್ರೌನ್ ಬದಲಿಸಬಹುದು. ಚಾಸಿ ಹೋಯಿತೆಂದರೆ ಗಾಡಿಯೇ ಹೋಯಿತು. ಕಬ್ಬಿನ ಗಾಡಿಗೆ ಏಟು ಬೀಳುವುದು ಡಾಂಬರ್ ರಸ್ತೆಯಲ್ಲಲ್ಲ, ಹೊಲದಲ್ಲಿ. ಎರಿ ಮಣ್ಣಿನಲ್ಲಿ ಒಂದು ಗಾಲಿ ತಗ್ಗಿಗೆ ಇಳಿದು ಇನ್ನೊಂದು ಬದುವಿನ ಮೇಲೆ ನಿಂತಾಗ, ಮೇಲೆ ತುಂಬು ಲೋಡು ಇರುವಾಗ, ಚಾಸಿ ತಿರುಚಿಕೊಳ್ಳುತ್ತದೆ. ಬಿರುಕು ಹುಟ್ಟುವುದು ಹೆಚ್ಚಾಗಿ ಹಿಂದಿನ ಸ್ಪ್ರಿಂಗ್ ಪಾಟಾ ಕೂರುವ ಬ್ರಾಕೆಟ್ ಹತ್ತಿರ, ಇಲ್ಲವೇ ಅಡ್ಡ ಪಟ್ಟಿಗಳ ರಿವೆಟ್ ಸುತ್ತ.

ಇದನ್ನು ನೋಡುವ ರೀತಿ ಹಳೆಯದು, ಖರ್ಚಿಲ್ಲದ್ದು. ಗಾಡಿ ಖಾಲಿ ಮಾಡಿ, ಕೆಳಗಿನಿಂದ ನೀರು ಹೊಡೆಸಿ ಚೆನ್ನಾಗಿ ಒಣಗಿಸು. ಬ್ರಾಕೆಟ್ ಸುತ್ತ ತಂತಿ ಬ್ರಶ್‌ನಿಂದ ತಿಕ್ಕಿ ಬಣ್ಣ, ಗ್ರೀಸ್ ತೆಗೆ. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ ಸವರಿ ಸ್ವಲ್ಪ ಹೊತ್ತು ಬಿಡು. ಆಮೇಲೆ ಒಣ ಬಟ್ಟೆಯಿಂದ ಪೂರ್ತಿ ಒರೆಸಿ, ಮೇಲೆ ಬಳಪದ ಪುಡಿ ಸವರು. ಕಬ್ಬಿಣ ಗಟ್ಟಿ ಇದ್ದರೆ ಪುಡಿ ಬೆಳ್ಳಗೆ ಹಾಗೇ ಇರುತ್ತದೆ. ಬಿರುಕಿದ್ದರೆ ಒಳಗೆ ಸೇರಿದ ಎಣ್ಣೆ ಮೆಲ್ಲಗೆ ಹೊರಬಂದು, ಪುಡಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಕಣ್ಣಿಗೆ ಏನೂ ಕಾಣದ ಜಾಗದಲ್ಲೂ ಮೂಡುತ್ತದೆ. ಗೆರೆ ಬಂದ ಕಡೆ ಪಟ್ಟಿ ಇಟ್ಟು ವೆಲ್ಡಿಂಗ್ ಹೊಡೆದುಕೊಡುತ್ತೇನೆ ಎನ್ನುವ ಮಿಸ್ತ್ರಿಯ ಮಾತು ಕೇಳಬೇಡ. ವೆಲ್ಡಿಂಗ್ ಹೊಡೆದ ಕಡೆ ಹಿಡಿದುಕೊಂಡು, ಅದರ ಪಕ್ಕದಲ್ಲಿ ಮತ್ತೆ ಬಿಡುತ್ತದೆ. ಲೋಡು ಗಾಡಿ ಇಳಿಜಾರಿನಲ್ಲಿರುವಾಗ ಅದು ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಬರೆಯಬೇಕಿಲ್ಲ.

ಇಂಜಿನ್ ಬಗ್ಗೆ ಒಂದೇ ಮಾತು. ಬಿಸಿಯಾದ ಮೇಲೆ ಸ್ಟಾರ್ಟ್‌ನಲ್ಲೇ ಇಟ್ಟು ಆಯಿಲ್ ಹಾಕುವ ಮುಚ್ಚಳ ತೆಗೆ. ಹೊಗೆ ದಬದಬ ಉಗುಳಿದರೆ ಪಿಸ್ಟನ್ ರಿಂಗು, ಲೈನರ್ ಸವೆದಿವೆ. ಅದು ಖರ್ಚಿನ ಮಾತು, ಗಾಡಿ ಮಾರುವ ಮಾತಲ್ಲ.

ಇನ್ನು ಲೆಕ್ಕ. ಹೊಸದು ಡೀಸೆಲ್ ಉಳಿಸುತ್ತದೆ, ಆ ದುಡ್ಡಿನಲ್ಲೇ ಕಂತು ಕಟ್ಟಬಹುದು ಎಂದು ನಿನಗೆ ಹೇಳಿದ್ದಾರಲ್ಲ, ಅದನ್ನು ಹಾಳೆಯ ಮೇಲೆ ಬರೆದು ನೋಡು. 25 ಲಕ್ಷ ಸಾಲ, ಶೇ 10 ಬಡ್ಡಿ, 5 ವರ್ಷ ಎಂದರೆ ತಿಂಗಳ ಕಂತು 53 ಸಾವಿರ ದಾಟುತ್ತದೆ. ನಿನ್ನ ಗಾಡಿ ಲೀಟರಿಗೆ 4 ಕಿ.ಮೀ., ಹೊಸದು 5 ಕಿ.ಮೀ. ಕೊಡುತ್ತದೆ ಎಂದೇ ಇಟ್ಟುಕೋ. ಡೀಸೆಲ್ ಲೀಟರಿಗೆ 90 ರೂಪಾಯಿ ಹಿಡಿ. ತಿಂಗಳಿಗೆ 3,000 ಕಿ.ಮೀ. ಓಡಿದರೆ ಹಳೆಯದಕ್ಕೆ 750 ಲೀಟರ್, ಹೊಸದಕ್ಕೆ 600. ಉಳಿಯುವುದು 150 ಲೀಟರ್, ಅಂದರೆ 13,500 ರೂಪಾಯಿ. ಡೀಸೆಲ್ ಉಳಿತಾಯವೊಂದರಿಂದಲೇ ಕಂತು ಹುಟ್ಟಬೇಕೆಂದರೆ ತಿಂಗಳಿಗೆ ಹತ್ತಿರ ಹತ್ತಿರ 12,000 ಕಿ.ಮೀ. ಓಡಬೇಕು. ಹೊಲದಿಂದ ಕಾರ್ಖಾನೆಗೆ ಹೋಗಿಬರುವ ಗಾಡಿ ಎಲ್ಲಿ, 12,000 ಕಿ.ಮೀ. ಎಲ್ಲಿ?

ಡೀಸೆಲ್ ಉಳಿತಾಯದಿಂದ ಕಂತು ಕಟ್ಟುವ ಲೆಕ್ಕ ಹೆದ್ದಾರಿ ಗಾಡಿಗೆ ಸರಿಹೋಗುತ್ತದೆ. ನಿನ್ನದು ಹೆದ್ದಾರಿ ಗಾಡಿಯಲ್ಲ. ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾ ಕಾರ್ಖಾನೆ, ಸಿದ್ಧಸಮುದ್ರದ ಸೋಮೇಶ್ವರ, ಸವದತ್ತಿ ತಾಲೂಕಿನ ಮುನವಳ್ಳಿ, ರಾಮದುರ್ಗದ ಕಡೆಯ ಕಾರ್ಖಾನೆಗಳು, ಇವೇ ನಿನ್ನ ದಾರಿ. ಕಬ್ಬು ಮುಗಿದ ಮೇಲೆ ಕಡಲೆ, ಗೋವಿನಜೋಳ, ಹತ್ತಿ ಅಂಡಿಗೆ, ಉಳ್ಳಾಗಡ್ಡಿ. ಎಲ್ಲ ಹತ್ತಿರದ ಓಟ. ಓಡುವುದಕ್ಕಿಂತ ಯಾರ್ಡಿನಲ್ಲಿ ಪಾಳಿ ಹಚ್ಚಿ ನಿಲ್ಲುವುದೇ ಜಾಸ್ತಿ. ಇಂಥ ಕೆಲಸಕ್ಕೆ ಸಾಲವಿಲ್ಲದ ಹಳೆ ಗಾಡಿ ಎಷ್ಟು ಚಂದವೋ ಕಂತಿನ ಹೊಸ ಗಾಡಿ ಅಷ್ಟೇ ಕಷ್ಟ. ನಿಂತ ಹೊತ್ತಿಗೂ ಬಡ್ಡಿ ಓಡುತ್ತಿರುತ್ತದೆ.

2025ರ ನವೆಂಬರ್ ನೆನಪಿದೆಯಲ್ಲ? ಕಬ್ಬಿನ ದರಕ್ಕಾಗಿ ರೈತರು ಗುರ್ಲಾಪುರ ಕ್ರಾಸ್‌ನಲ್ಲಿ ಧರಣಿ ಕೂತರು, ಸರ್ಕಾರ ಟನ್ನಿಗೆ 3,300 ರೂಪಾಯಿ ಎಂದು ಹೇಳುವ ತನಕ ಏಳಲಿಲ್ಲ. ಅವರು ಕೂತದ್ದು ನ್ಯಾಯವೇ, ನಾವೂ ಅದೇ ಮನೆಗಳಿಂದ ಬಂದವರು. ಆದರೆ ಕಬ್ಬು ನಿಂತರೆ ಗಾಡಿ ನಿಲ್ಲುತ್ತದೆ, ಕಂತಿನ ತಾರೀಖು ನಿಲ್ಲುವುದಿಲ್ಲ. ಮಲಪ್ರಭೆ ಉಕ್ಕಿ ರಾಮದುರ್ಗದ ಕಡೆ ದಾರಿ ಕಟ್ಟಿಹೋದ 2019ರ ಆಗಸ್ಟ್‌ನಂಥ ತಿಂಗಳು ಬಂದರೂ ಅಷ್ಟೇ. ವರ್ಷದಲ್ಲಿ ಇಂಥ ಒಂದೆರಡು ತಿಂಗಳು ಖಾಲಿ ಹೋದರೂ ತಡೆದುಕೊಳ್ಳುವ ಗಂಟು ಕೈಯಲ್ಲಿದೆಯೇ ಎಂದು ನಿನ್ನ ತಾಯಿಯನ್ನು ಕೂರಿಸಿಕೊಂಡು ಕೇಳು. ಮನೆಯ ದುಡ್ಡಿನ ಲೆಕ್ಕ ನಿನಗಿಂತ ಅವಳಿಗೆ ಚೆನ್ನಾಗಿ ಗೊತ್ತು.

ಹೊಸ ಗಾಡಿಯ ತಾಂತ್ರಿಕತೆಯೂ ನಿನ್ನ ಕೆಲಸಕ್ಕೆ ಒಗ್ಗುವುದು ಕಷ್ಟ. 2020ರ ಏಪ್ರಿಲ್‌ನಿಂದ ಮಾರಾಟವಾಗುತ್ತಿರುವುದೆಲ್ಲ ಬಿಎಸ್-6. ಅದರ ಸೈಲೆನ್ಸರಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಗಾಡಿ ಚೆನ್ನಾಗಿ ಬಿಸಿಯಾಗಿ ಒಂದೇ ಸಮನೆ ಓಡಿದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ಯಾರ್ಡಿನಲ್ಲಿ ಸ್ಟಾರ್ಟ್ ಮಾಡಿ ಹತ್ತು ಮಾರು ಮುಂದೆ ಹೋಗಿ ಮತ್ತೆ ನಿಂತರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಹೊಗೆ ಶುದ್ಧಮಾಡಲು ಹಾಕುವ ಯೂರಿಯಾ ದ್ರಾವಣ ಖಾಲಿಯಾದರೆ ಇಂಜಿನ್ ಎಳೆಯುವುದನ್ನೇ ಬಿಡುತ್ತದೆ. ಸೆನ್ಸರ್ ಕೆಟ್ಟರೆ ನಮ್ಮ ಮಿಸ್ತ್ರಿಯ ಪಾನಾದಿಂದ ಆಗುವುದಿಲ್ಲ, ಲ್ಯಾಪ್‌ಟಾಪ್ ಹಿಡಿದ ಹುಡುಗ ಬರಬೇಕು. ಬಿಎಸ್-6 ಕೆಟ್ಟ ಗಾಡಿ ಎಂದು ನಾನು ಹೇಳುತ್ತಿಲ್ಲ. ಹೊಗೆ ಕಡಿಮೆ, ನಮ್ಮ ಮಕ್ಕಳ ಪುಪ್ಪುಸಕ್ಕೆ ಒಳ್ಳೆಯದು. ಕಿತ್ತೂರಿನಲ್ಲಿ ಹೆದ್ದಾರಿ ಹತ್ತಿ ನೇರ ಪುಣೆಗೋ ಬೆಂಗಳೂರಿಗೋ ಹೋಗುವವನಿಗೆ ಅದೇ ಸರಿ.

ವಿಜಯ ಸಂಕೇಶ್ವರರು 1976ರಲ್ಲಿ ಗದಗಿನಲ್ಲಿ ಒಂದೇ ಲಾರಿಯಿಂದ ಶುರುಮಾಡಿದರು, ಇವತ್ತು ವಿಆರ್‌ಎಲ್ ಎಷ್ಟು ದೊಡ್ಡದು ನೋಡು ಎಂದು ಬರೆದಿದ್ದೀಯ. ಆ ಕಂಪನಿಯಿಂದ ಕಲಿಯಬೇಕಾದದ್ದು ಬೇರೆ ಇದೆ. ಹುಬ್ಬಳ್ಳಿಯ ಕಡೆ ಅವರದೇ ಕಾರ್ಯಾಗಾರವಿದೆ. ಸಾಲ ತೀರಿದ ಹಳೆ ಗಾಡಿಗಳನ್ನು ಅವರು ತಾವೇ ರಿಪೇರಿ ಮಾಡಿಕೊಂಡು ವರ್ಷಗಟ್ಟಲೆ ಓಡಿಸುತ್ತಾರೆ. ಒಂದು ಕೆಟ್ಟರೆ ಇನ್ನೊಂದು ಕಳಿಸುತ್ತಾರೆ. ನಿನ್ನ ಬಳಿ ಇನ್ನೊಂದಿಲ್ಲ. ಹಾಗಾಗಿ ನೀನು ಹಳೆಯದನ್ನು ಇಟ್ಟುಕೊಳ್ಳುವುದಾದರೆ ಕೆಟ್ಟ ಮೇಲೆ ಗ್ಯಾರೇಜಿಗೆ ಓಡುವ ರೂಢಿ ಬಿಡಬೇಕು. ಹಂಗಾಮಿಗೆ ಮುಂಚೆ, ಮಳೆಗಾಲದಲ್ಲೇ, ಬ್ರೇಕ್, ಕ್ಲಚ್, ಪಾಟಾ, ಬೇರಿಂಗ್ ಎಲ್ಲ ಬಿಚ್ಚಿ ನೋಡಿಸು. ಪ್ರತಿ ಟ್ರಿಪ್ಪಿನ ಬಾಡಿಗೆಯಲ್ಲಿ ಒಂದು ಭಾಗ ರಿಪೇರಿಗೆಂದೇ ಬೇರೆ ಖಾತೆಗೆ ಹಾಕು. ಕಂತು ಕಟ್ಟುವವನಿಗೆ ಇರುವ ಶಿಸ್ತು ಕಂತು ಇಲ್ಲದವನಿಗೂ ಬೇಕು, ಇಲ್ಲದಿದ್ದರೆ ಸಾಲವಿಲ್ಲ ಎಂಬ ಲಾಭ ಊರ ಜಾತ್ರೆಯಲ್ಲೇ ಕರಗಿಹೋಗುತ್ತದೆ.

ಒಂದು ಷರತ್ತು: ಓವರ್‌ಲೋಡ್ ಬಿಡಬೇಕು. ನಿನ್ನ ಆರು ಗಾಲಿಯ ಗಾಡಿಯ ಆರ್.ಸಿ.ಯಲ್ಲಿ ಒಟ್ಟು ತೂಕ 16.2 ಟನ್ ಎಂದಿದೆ. ಪಕ್ಕದವನು ಎಷ್ಟೇ ಏರಿಸಲಿ, ನಿನ್ನದು ಅಷ್ಟೇ. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ನಂತರ ಹೆಚ್ಚು ಲೋಡಿಗೆ ದಂಡ 20 ಸಾವಿರ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2 ಸಾವಿರ. ಅದಕ್ಕಿಂತ ದೊಡ್ಡ ದಂಡ ಚಾಸಿ ಕಟ್ಟುತ್ತದೆ.

ಹಾಗಾದರೆ ಈ ಗಾಡಿ ಎಲ್ಲಿಯ ತನಕ ಇಟ್ಟುಕೊಳ್ಳಬೇಕು? ನಿನ್ನದು 2012ರ ಮಾಡೆಲ್. ಎರಡು ಆಕ್ಸೆಲ್ ಗಾಡಿಗೆ 12 ವರ್ಷ ದಾಟಿದ ಮೇಲೆ ನ್ಯಾಷನಲ್ ಪರ್ಮಿಟ್ ಇಲ್ಲ, ಅದು 2024ಕ್ಕೇ ಮುಗಿಯಿತು. ಗೋವಾ, ಮಹಾರಾಷ್ಟ್ರದ ಲೋಡು ಎಷ್ಟೇ ಒಳ್ಳೆಯ ಬಾಡಿಗೆ ಕೊಟ್ಟರೂ ನಿನ್ನದಲ್ಲ. ಅನಮೋಡ ಘಾಟ್ ಇಳಿಸಿ ಬರೋಣ ಎಂದು ಏಜೆಂಟ್ ಒತ್ತಾಯ ಮಾಡಿದರೆ ಬೇಡವೆಂದು ಬಿಡು. 8 ವರ್ಷ ದಾಟಿದ್ದರಿಂದ ಪಾಸಿಂಗ್, ಅಂದರೆ ಫಿಟ್ನೆಸ್, ಪ್ರತಿ ವರ್ಷ ಆಗಬೇಕು. 2027ಕ್ಕೆ 15 ತುಂಬುತ್ತದೆ. ವಯಸ್ಸಾದಂತೆ ಫಿಟ್ನೆಸ್ ಶುಲ್ಕ ಏರುವ ಹಾಗೆ ಕೇಂದ್ರ ಸರ್ಕಾರ 2025ರ ನವೆಂಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ, 20 ವರ್ಷ ದಾಟಿದ ಭಾರಿ ಗಾಡಿಗೆ ಅದು 25 ಸಾವಿರ. ನಿನ್ನ ಗಾಡಿಯ ನಿಜವಾದ ಗಡುವು 2027, ಶೋರೂಮಿನವನ ಆಫರ್ ಮುಗಿಯುವ ತಾರೀಖಲ್ಲ. ಆ ಹೊತ್ತಿಗೆ ಒಂದು ಮೊತ್ತ ಕೂಡಿಟ್ಟರೆ ಮುಂಗಡ ಹೆಚ್ಚು ಕೊಟ್ಟು ಸಾಲ ಕಡಿಮೆ ಮಾಡಿಕೊಳ್ಳಬಹುದು. 2025ರ ಸೆಪ್ಟೆಂಬರ್ 22ರಿಂದ ಲಾರಿಯ ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ, ಆ ಲಾಭ ಈ ತಿಂಗಳೇ ಓಡಿಹೋಗುವುದಿಲ್ಲ. ಗುಜರಿ ಮಾಡುವುದಾದರೆ ನೋಂದಾಯಿತ ಸ್ಕ್ರ್ಯಾಪಿಂಗ್ ಕೇಂದ್ರಕ್ಕೇ ಕೊಟ್ಟು ಅವರ ಠೇವಣಿ ಪ್ರಮಾಣಪತ್ರ ತೆಗೆದುಕೋ, ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿಗೆ ಅದು ಬೇಕು.

ವರ್ಷವಿಡೀ ಲೋಡು ಕೊಡುತ್ತೇನೆ ಎಂದು ಯಾರಾದರೂ ಕಾಗದದ ಮೇಲೆ ಬರೆದುಕೊಟ್ಟರೆ ನನ್ನ ಮಾತು ಇವತ್ತೇ ಬದಲಾಗುತ್ತದೆ. ಆಗ ಹೊಸದು ತೆಗೆದುಕೋ, ನಾನೇ ಬಂದು ಪೂಜೆಗೆ ನಿಲ್ಲುತ್ತೇನೆ. ಗಾಡಿ ತಂದು ಆಮೇಲೆ ಲೋಡು ಹುಡುಕುವುದು ಮಾತ್ರ ಬೇಡ.

ಕಾಗದಪತ್ರದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ನನ್ನ ಚಿಂತೆ ಇರುವುದು ಅಲ್ಲೇ. ಗಾಡಿ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀಯ. ಮಾಲೀಕ ತೀರಿಹೋದರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, 3 ತಿಂಗಳೊಳಗೆ ಹೆಸರು ಬದಲಾವಣೆಗೆ ಫಾರ್ಮ್ 31ರಲ್ಲಿ ಅರ್ಜಿ ಹಾಕಬೇಕು. ಪರ್ಮಿಟ್, ಇನ್ಶೂರೆನ್ಸ್ ಎರಡರಲ್ಲೂ ಹೆಸರು ಬದಲಾಗಬೇಕು. ತಡವಾಗಿದ್ದರೆ ದಂಡ ಕಟ್ಟಿ ಮಾಡಿಸು. ಕೆಎ-24ರ ಆಫೀಸು ಬೈಲಹೊಂಗಲದಲ್ಲೇ ಇದೆ, ಬೆಳಗಾವಿಗೆ ಅಲೆಯಬೇಕಿಲ್ಲ. ಅಕ್ಕ-ತಂಗಿಯರ, ತಾಯಿಯ ಒಪ್ಪಿಗೆ ಕಾಗದದಲ್ಲಿ ಪಡೆ. ಅವರಿಗೂ ಆ ಗಾಡಿಯಲ್ಲಿ ಹಕ್ಕಿದೆ, ನೀನು ಓಡಿಸುತ್ತೀಯೆಂದ ಮಾತ್ರಕ್ಕೆ ಅದು ನಿನ್ನೊಬ್ಬನದಾಗುವುದಿಲ್ಲ.

ಮುಂದೆ ಎಂದಾದರೂ ಮಾರಿದರೆ, ಎಕ್ಸ್‌ಚೇಂಜ್‌ಗೆ ಕೊಟ್ಟರೂ ಸರಿ, ಹೆಸರು ವರ್ಗಾವಣೆಯ ಖಾಲಿ ಫಾರ್ಮ್ 29, 30ಕ್ಕೆ ಸಹಿ ಹಾಕಿ ಕೀಲಿ ಕೊಟ್ಟು ಮನೆಗೆ ಬಂದುಬಿಡಬೇಡ. ಮಾರಿದ್ದನ್ನು 14 ದಿನದೊಳಗೆ ನೀನೇ ಆರ್‌ಟಿಒಗೆ ತಿಳಿಸಬೇಕು, ಹೆಸರು ಬದಲಾದ ಆರ್.ಸಿ.ಯನ್ನು ಕಣ್ಣಾರೆ ನೋಡಬೇಕು. ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಖಚಿತವಾಗಿ ಹೇಳಿದೆ: ವಾಹನ ಎಷ್ಟು ಕೈ ದಾಟಿದ್ದರೂ, ಅಪಘಾತದ ದಿನ ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವನದೇ. ನೀನು ಮಾರಿ ಮರೆತ ಗಾಡಿ ಎಲ್ಲೋ ಯಾರಿಗೋ ಬಡಿದರೆ ಆ ಹೊಣೆ ನಿಮ್ಮ ಹೊಲಕ್ಕೆ ಬರುತ್ತದೆ.

ಇನ್ನೊಂದು. ಬನದ ಹುಣ್ಣಿಮೆಗೆ, ಭರತ ಹುಣ್ಣಿಮೆಗೆ ಊರವರು ಬಂದು ಯಲ್ಲಮ್ಮನ ಗುಡ್ಡಕ್ಕೆ ಗಾಡಿ ಹೂಡು ಎನ್ನುತ್ತಾರೆ. ಹಿಂದಿನಿಂದ ನಡೆದು ಬಂದದ್ದು, ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಆದರೆ 2023ರ ಜನವರಿಯಲ್ಲಿ ರಾಮದುರ್ಗ ತಾಲೂಕಿನ ಚುಂಚನೂರ ಹತ್ತಿರ ಗೂಡ್ಸ್ ವಾಹನ ಆಲದ ಮರಕ್ಕೆ ಬಡಿದು ಗುಡ್ಡಕ್ಕೆ ಹೊರಟಿದ್ದ 6 ಮಂದಿ ತೀರಿಹೋದರು. ಸರಕಿನ ಗಾಡಿಯಲ್ಲಿ ಜನ ಹತ್ತಿಸಿದರೆ ಇನ್ಶೂರೆನ್ಸ್ ಕೂಡ ಕೈ ಹಿಡಿಯುವುದು ಕಷ್ಟ. ದವಸ, ಪಾತ್ರೆ, ಕಟ್ಟಿಗೆ ಬೇಕಾದರೆ ಬಿಟ್ಟಿಯಾಗಿ ಒಯ್ದು ಕೊಡು. ಜನ ಬಸ್ಸಿಗೆ ಬರಲಿ.

ಅಪ್ಪನ ಗಾಡಿ ಮಾರಿದರೆ ಅಪ್ಪನಿಗೆ ಮೋಸ ಮಾಡಿದಂತಾಗುತ್ತದೋ ಎಂದು ಕೊನೆಗೆ ಕೇಳಿದ್ದೀಯ. ಆಗುವುದಿಲ್ಲ ತಮ್ಮಾ. ಅವನು ಆ ಗಾಡಿ ತಂದದ್ದು ನೀವೆಲ್ಲ ಉಣ್ಣಲೆಂದು. ಅದು ದುಡಿಯುವ ತನಕ ಇಟ್ಟುಕೋ, ದುಡಿಯದ ದಿನ ಕೊಡು. ಬಾಗಿಲಲ್ಲಿ ನಿಲ್ಲಿಸಿ ತುಕ್ಕು ಹಿಡಿಸಬೇಡ.

ಸೋಮವಾರ ಮೊದಲು ಆರ್‌ಟಿಒಗೆ ಹೋಗಿ ಫಾರ್ಮ್ 31 ತೆಗೆದುಕೋ. ಮರಣ ಪ್ರಮಾಣಪತ್ರ, ಆರ್.ಸಿ., ಇನ್ಶೂರೆನ್ಸ್ ಜೊತೆಗಿರಲಿ. ಚಾಸಿಗೆ ಬಳಪ ಸವರುವ ದಿನ ಹೇಳಿ ಕಳಿಸು, ನಾನೂ ಬರುತ್ತೇನೆ.

ನಿನ್ನ ಕಾಕಾ