ಸೀರೆ ಅಂಗಡಿಯ ಕೆಲಸ

ನಮ್ಮ ಕಲಿಕಾ ಕೇಂದ್ರದ ಅಕ್ಕ ಒಬ್ಬರು ಸೀರೆ ಅಂಗಡಿಗೆ ಕೆಲಸ ಕೇಳಲು ಹೋದರು. ಎದೆ ಡವಡವ ಅನ್ನುತ್ತಿತ್ತು.

"ಏನಮ್ಮಾ, ಹಿಂದೆ ವ್ಯಾಪಾರ ಮಾಡಿದ್ದೀಯಾ?" ಮಾಲೀಕರು ಕೇಳಿದರು.

"ಸಂತೇಲಿ ಸೊಪ್ಪು ಮಾರಿದ್ದೀನಿ ಸಾರ್."

"ಹಾಗಾದರೆ ಈ ಸೀರೆ ನನಗೆ ಮಾರು, ನೋಡೋಣ."

"ಯಾರಿಗೆ ಬೇಕು ಸಾರ್? ಮದುವೆಗೋ, ದಿನಾ ಉಡೋಕೋ?" ಅಕ್ಕ ಮೊದಲು ಕೇಳಿದರು. ಆಮೇಲೆ ಸೆರಗು ಬಿಡಿಸಿ ತೋರಿಸಿದರು.

"ಬೆಲೆ 800 ರೂಪಾಯಿ. ನೂರಕ್ಕೆ 10 ರಿಯಾಯಿತಿ. ಎಷ್ಟಾಯ್ತು?"

"80 ಕಳೆದರೆ 720 ಸಾರ್."

ಮಾಲೀಕರು ತಲೆದೂಗಿದರು. ಒಂದು ಕಾಗದ ಕೊಟ್ಟು "ಸಹಿ ಹಾಕು" ಅಂದರು.

ಹಿಂದೆ ಆಗಿದ್ದರೆ ಅಕ್ಕ ಹೆಬ್ಬೆಟ್ಟು ಒತ್ತಿಬಿಡುತ್ತಿದ್ದರು. ಈಗ ಓದಿದರು. ಸಂಬಳ ಬರೆದಿತ್ತು. ರಜೆ ಬರೆದಿರಲಿಲ್ಲ.

"ವಾರದ ರಜೆ ಯಾವತ್ತು ಸಾರ್?"

ಮಾಲೀಕರು ಅಕ್ಕನ ಮುಖ ನೋಡಿದರು. "ಮಂಗಳವಾರ" ಎಂದು ಬರೆದರು. ಆಮೇಲೆ ಅಕ್ಕ ಸಹಿ ಹಾಕಿದರು.

ಅಕ್ಕಂದಿರೇ, ಕರ್ನಾಟಕದಲ್ಲಿ ಅಂಗಡಿಗಳಿಗೆ 1961ರ ಕಾಯಿದೆ ಇದೆ. ಕೆಲಸದವರಿಗೆ ವಾರಕ್ಕೆ ಒಂದು ದಿನ ಪೂರ್ತಿ ರಜೆ ಕೊಡಲೇಬೇಕು. ಕೇಳಲು ನಾಚಿಕೆ ಬೇಡ.

ಕೆಲಸಕ್ಕೆ ಹೋದಾಗ ನೀವೂ ಕೇಳಿ:
1. ಸಂಬಳ ಎಷ್ಟು?
2. ದಿನಕ್ಕೆ ಎಷ್ಟು ಗಂಟೆ ಕೆಲಸ?
3. ರಜೆ ಯಾವತ್ತು?

ಲೆಕ್ಕ ಮಾಡಿ:
ಸೀರೆ ಬೆಲೆ 600 ರೂಪಾಯಿ. ನೂರಕ್ಕೆ 10 ರಿಯಾಯಿತಿ. ಗಿರಾಕಿ ಎಷ್ಟು ಕೊಡಬೇಕು?